ಹುಟ್ಟಿದ ನಾಡು, ಬಾಳಿದ ನಾಡು

ನಿಮ್ಮ ನೆಂಟರಲ್ಲಿಯೋ ನೆರೆಹೊರೆಯಲ್ಲಿಯೋ ಇಂಥ ಒಂದು ಸಂಸಾರ ಇದ್ದೀತು. ಮಗ ಡಾಕ್ಟರೋ ಇಂಜಿನಿಯರೋ ಆಗಿ ಇಂಗ್ಲೆಂಡಿಗೆ ಹೋದ. ಕೆಲವು ವರ್ಷ ಅಲ್ಲಿದ್ದು ಆ ದೇಶದ ಪೌರತ್ವವನ್ನು ಪಡೆದ. ಮಕ್ಕಳು ಅಲ್ಲಿಯೇ ಹುಟ್ಟಿದರು. ಆಮೇಲೆ ತಂದೆತಾಯಿಗಳಿಗೆ ವಯಸ್ಸಾಯಿತೆಂದೋ, ಬೆಂಗಳೂರಿನಲ್ಲಿಯೇ ಒಳ್ಳೆಯ ಕೆಲಸ ಸಿಕ್ಕಿತೆಂದೋ ಸಂಸಾರಸಮೇತ ಹಿಂದಿರುಗಿದ. ಮೊಮ್ಮಕ್ಕಳು ಇಲ್ಲಿಯ ಶಾಲೆಯಲ್ಲಿ ಓದಿದರು, ಕನ್ನಡ ಕಲಿತರು, ಅಜ್ಜಿಯ ಕೈತುತ್ತು ಉಂಡು ಬೆಳೆದರು. ಈಗ ಹಿರಿಯ ಹುಡುಗಿಗೆ ಹದಿನೇಳು ವರ್ಷ. “ಅವಳಿಗೇನು ಯೋಚನೆ? ಬ್ರಿಟಿಷ್ ಪಾಸ್‌ಪೋರ್ಟ್ ಇದೆ. ಅಲ್ಲಿಯ ಮಕ್ಕಳು ಕೊಡುವಷ್ಟೇ ಫೀಸು ಕೊಟ್ಟು, ಅಲ್ಲಿಯ ಸರ್ಕಾರ ಕೊಡುವ ಸಾಲ ತೆಗೆದುಕೊಂಡು ಓದುತ್ತಾಳೆ” ಎಂದು ಮನೆಯವರೆಲ್ಲ ನೆಮ್ಮದಿಯಾಗಿದ್ದಾರೆ.

ಒಂದು ದಿನ ಅಲ್ಲಿಯ ವಿಶ್ವವಿದ್ಯಾನಿಲಯದಿಂದ ಉತ್ತರ ಬರುತ್ತದೆ. ಪ್ರವೇಶ ದೊರೆತಿದೆ, ಸಂತೋಷದ ಮಾತು. ಆದರೆ ಅದರ ಕೆಳಗೆ ಇನ್ನೊಂದು ಸಾಲು: ಈ ವಿದ್ಯಾರ್ಥಿನಿಯನ್ನು ಶುಲ್ಕದ ಮಟ್ಟಿಗೆ ಹೊರದೇಶದವರ ವರ್ಗದಲ್ಲಿ ಸೇರಿಸಲಾಗಿದೆ. ಮನೆಯಲ್ಲಿ ಎಲ್ಲರೂ ಬೆರಗಾಗುತ್ತಾರೆ. ಹುಡುಗಿ ಹುಟ್ಟಿದ್ದು ಅಲ್ಲಿ, ಪೌರತ್ವ ಅಲ್ಲಿಯದು, ವಿಮಾನ ನಿಲ್ದಾಣದಲ್ಲಿ ಯಾವ ಪ್ರಶ್ನೆಯೂ ಇಲ್ಲದೆ ಒಳಕ್ಕೆ ಬಿಡುತ್ತಾರೆ. ಹಾಗಿರುವಾಗ ಕಾಲೇಜಿನ ಬಾಗಿಲಲ್ಲಿ ಮಾತ್ರ ಆಕೆ ಪರದೇಶಿಯಾದದ್ದು ಹೇಗೆ?

ಈ ಪ್ರಶ್ನೆಗೆ ಉತ್ತರ ಒಂದೇ ಮಾತಿನಲ್ಲಿದೆ. ಪಾಸ್‌ಪೋರ್ಟು ನೀವು ಯಾವ ದೇಶದ ಪ್ರಜೆ ಎಂಬುದನ್ನು ಹೇಳುತ್ತದೆ. ಶುಲ್ಕದ ನಿಯಮ ನೀವು ಕಳೆದ ಮೂರು ವರ್ಷ ಎಲ್ಲಿ ಬಾಳಿದಿರಿ ಎಂಬುದನ್ನು ಕೇಳುತ್ತದೆ. ಇವೆರಡು ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಸರಿಯಾದ ಉತ್ತರವಿದ್ದವರು ಎರಡನೆಯದರಲ್ಲಿ ಎಡವುವುದುಂಟು. ಎಡವಿದ ಮೇಲೆ ಸರಿಪಡಿಸಿಕೊಳ್ಳುವುದು ಕಷ್ಟ; ಏಕೆಂದರೆ ಕಳೆದ ವರ್ಷಗಳನ್ನು ಯಾರೂ ಮತ್ತೆ ಬಾಳಿ ತೋರಿಸಲಾರರು. ಆದಕಾರಣ ಈ ನಿಯಮಗಳನ್ನು ಮೊದಲೇ ತಿಳಿದುಕೊಂಡಿರುವುದು ಮೇಲು.

ಹೀಗೆ ಹುಟ್ಟಿಗೂ ವಾಸಕ್ಕೂ ಭೇದ ಮಾಡುವುದು ನಮಗೆ ಹೊಸದೇನೂ ಅಲ್ಲ. ಇಂದೋರಿನ ಮಹಾತ್ಮಾ ಗಾಂಧಿ ಸ್ಮಾರಕ ವೈದ್ಯಕೀಯ ಕಾಲೇಜಿನಲ್ಲಿ ಅಂದಿನ ಮಧ್ಯ ಭಾರತ ಸಂಸ್ಥಾನದ ನಿವಾಸಿಗಳಿಗೆ ವಿನಾಯಿತಿ ಕೊಟ್ಟು, ಹೊರಗಿನವರಿಂದ ಮಾತ್ರ ಹೆಚ್ಚಿನ ಶುಲ್ಕವನ್ನು ತೆಗೆದುಕೊಳ್ಳುತ್ತಿದ್ದರು. ದೆಹಲಿಯ ವಿದ್ಯಾರ್ಥಿಯೊಬ್ಬರು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಡಿ. ಪಿ. ಜೋಶಿ ಮೊಕದ್ದಮೆಯೆಂದು ಹೆಸರಾದ ಈ ವ್ಯಾಜ್ಯದಲ್ಲಿ ೧೯೫೫ರ ಜನವರಿಯಲ್ಲಿ ತೀರ್ಪಾಯಿತು. ನಮ್ಮ ಸಂವಿಧಾನ ನಿಷೇಧಿಸಿರುವುದು ಹುಟ್ಟಿದ ಸ್ಥಳವನ್ನು ನೋಡಿ ಮಾಡುವ ಭೇದವನ್ನು. ವಾಸಸ್ಥಳ ಅದಕ್ಕಿಂತ ಬೇರೆ ಎಂದು ಬಹುಮತದ ತೀರ್ಪು ಹೇಳಿತು, ಆ ಶುಲ್ಕವನ್ನು ಎತ್ತಿಹಿಡಿಯಿತು. ನಮ್ಮ ಕರ್ನಾಟಕದಲ್ಲಿಯೇ ವೃತ್ತಿಶಿಕ್ಷಣದ ಸಿ.ಇ.ಟಿ. ಸೀಟಿಗೆ ಒಂದನೆಯ ತರಗತಿಯಿಂದ ಹನ್ನೆರಡನೆಯದರವರೆಗಿನ ಓದಿನಲ್ಲಿ ಕನಿಷ್ಠ ಏಳು ವರ್ಷ ರಾಜ್ಯದಲ್ಲಿ ಓದಿರಬೇಕೆಂಬುದು ಮುಖ್ಯ ನಿಯಮ. ಮಿಕ್ಕವು ಅದಕ್ಕೆ ಅಪವಾದಗಳು. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಹುಡುಗನಿಗೆ ಈ ನಿಯಮದ ಬಿಸಿ ಗೊತ್ತು. ಬ್ರಿಟನ್ನಿನವರು ಇದೇ ವಿಚಾರವನ್ನು ಇಡೀ ದೇಶದ ಎಲ್ಲೆಗೆ ಅನ್ವಯಿಸಿದ್ದಾರೆ, ಅಷ್ಟೆ.

ಅಲ್ಲಿ ಈ ಪದ್ಧತಿ ಬೆಳೆದುಬಂದ ಬಗೆಯನ್ನು ಸ್ವಲ್ಪ ನೋಡೋಣ. ೧೯೬೨ರ ವಿದ್ಯಾಭ್ಯಾಸ ಶಾಸನದ ಪ್ರಕಾರ, ಪದವಿ ತರಗತಿಗೆ ಸೇರಿದ ವಿದ್ಯಾರ್ಥಿಗೆ ಸ್ಥಳೀಯ ವಿದ್ಯಾಧಿಕಾರ ಮಂಡಲಿ ಧನಸಹಾಯ ಕೊಡುವುದು ಕಡ್ಡಾಯವಾಯಿತು. ಆತ ಆ ಮಂಡಲಿಯ ಪ್ರದೇಶದಲ್ಲಿ ವಾಡಿಕೆಯಾಗಿ ವಾಸವಾಗಿರಬೇಕೆಂಬುದು ಷರತ್ತು. ಈ ‘ವಾಡಿಕೆಯ ವಾಸ’ ಎಂಬ ಮಾತು ಅಂದಿನಿಂದ ಇಂದಿನವರೆಗೂ ಈ ವಿಷಯದ ನಡುಗಂಬವಾಗಿ ನಿಂತಿದೆ. ಶುಲ್ಕದಲ್ಲಿ ಮಾತ್ರ ಆಗ ಒಳಗಿನವರು ಹೊರಗಿನವರು ಎಂಬ ಭೇದವಿರಲಿಲ್ಲ. ೧೯೬೬ರ ಕೊನೆಯಲ್ಲಿ ವಿದ್ಯಾಮಂತ್ರಿ ಆಂಟನಿ ಕ್ರಾಸ್‌ಲ್ಯಾಂಡ್ ಹೊರದೇಶದ ವಿದ್ಯಾರ್ಥಿಗಳ ಶುಲ್ಕವನ್ನು ಹೆಚ್ಚಿಸುವುದಾಗಿ ಪ್ರಕಟಿಸಿದರು. ೧೯೬೭ರಿಂದ ಒಳಗಿನವರಿಗೆ ವರ್ಷಕ್ಕೆ ಸುಮಾರು ೭೦ ಪೌಂಡಾದರೆ ಹೊರಗಿನವರಿಗೆ ೨೫೦ ಪೌಂಡಾಯಿತು. ೧೯೮೦ರಲ್ಲಿ ಇನ್ನೂ ದೊಡ್ಡ ಬದಲಾವಣೆ: ಹೊಸದಾಗಿ ಸೇರುವ ಹೊರದೇಶದ ವಿದ್ಯಾರ್ಥಿ ತನ್ನ ಓದಿನ ಪೂರ್ತಿ ವೆಚ್ಚವನ್ನು ತಾನೇ ಕೊಡಬೇಕೆಂದು ಗೊತ್ತಾಯಿತು. ಅಂದಿನಿಂದ ಒಬ್ಬ ವಿದ್ಯಾರ್ಥಿ ಯಾವ ವರ್ಗಕ್ಕೆ ಸೇರಿದವನೆಂಬುದು ಸಂಸಾರದ ಆಸ್ತಿಯ ಮಾತಾಯಿತು.

ಇಷ್ಟೆಲ್ಲಾ ಆದ ಮೇಲೆ ‘ವಾಡಿಕೆಯ ವಾಸ’ ಎಂದರೇನೆಂದು ಯಾರಾದರೂ ನ್ಯಾಯಾಲಯದಲ್ಲಿ ಕೇಳಲೇಬೇಕಷ್ಟೆ. ಓದುವುದಕ್ಕಾಗಿ ಬ್ರಿಟನ್ನಿಗೆ ಬಂದು ಕೆಲವು ವರ್ಷ ಅಲ್ಲಿದ್ದ ಹಲವು ವಿದ್ಯಾರ್ಥಿಗಳು ತಮಗೂ ಧನಸಹಾಯ ಸಲ್ಲಬೇಕೆಂದು ವಾದಿಸಿದರು. ಶಾ ಮತ್ತು ಬಾರ್ನೆಟ್ ಎಂದು ಹೆಸರಾದ ಮೊಕದ್ದಮೆಯಲ್ಲಿ ೧೯೮೨ರ ಡಿಸೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಲಾರ್ಡ್ ಸ್ಕಾರ್ಮನ್ ಕೊಟ್ಟ ವಿವರಣೆಯ ಸಾರಾಂಶ ಇದು: ಒಬ್ಬನು ತನ್ನ ಇಚ್ಛೆಯಿಂದ, ಒಂದು ನೆಲೆಯಾದ ಉದ್ದೇಶವನ್ನಿಟ್ಟುಕೊಂಡು, ಸದ್ಯದ ತನ್ನ ಬಾಳಿನ ಕ್ರಮವನ್ನು ಎಲ್ಲಿ ನಡೆಸುತ್ತಿದ್ದಾನೆಯೋ ಅದೇ ಅವನ ವಾಡಿಕೆಯ ವಾಸಸ್ಥಳ. ಸಾಯುವವರೆಗೂ ಅಲ್ಲಿಯೇ ಇರುತ್ತೇನೆಂಬ ಸಂಕಲ್ಪ ಬೇಕಾಗಿಲ್ಲ. ಓದುವುದೂ ನೆಲೆಯಾದ ಒಂದು ಉದ್ದೇಶವೇ. ವಿದ್ಯಾರ್ಥಿಗಳು ಗೆದ್ದರು. ಸರ್ಕಾರ ಸುಮ್ಮನಿರಲಿಲ್ಲ. ೧೯೮೩ರಲ್ಲಿ ಹೊಸ ಶಾಸನ, ಹೊಸ ನಿಯಮಗಳು ಬಂದುವು. ವಾಸದ ಮುಖ್ಯ ಉದ್ದೇಶ ಪೂರ್ಣಾವಧಿ ವಿದ್ಯಾಭ್ಯಾಸವಾಗಿದ್ದರೆ ಅದು ಲೆಕ್ಕಕ್ಕೆ ಬಾರದು ಎಂಬ ಮಾತು ಸೇರಿತು. ವಾಡಿಕೆಯ ವಾಸದ ಅರ್ಥ ನ್ಯಾಯಾಲಯದಿಂದ, ಅದಕ್ಕೆ ಹಾಕಿದ ಬೇಲಿ ಸರ್ಕಾರದಿಂದ. ಎರಡೂ ಇಂದಿಗೂ ಉಳಿದಿವೆ.

ಈಗ ನಿಯಮಕ್ಕೆ ಬರೋಣ. ಇಂಗ್ಲೆಂಡನ್ನೇ ಉದಾಹರಣೆಯಾಗಿ ಇಟ್ಟುಕೊಂಡರೆ, ಬ್ರಿಟಿಷ್ ಪ್ರಜೆಯೊಬ್ಬರು ಒಳಗಿನವರ ಶುಲ್ಕಕ್ಕೆ ಅರ್ಹರಾಗಲು ಸಾಮಾನ್ಯವಾಗಿ ಮೂರು ಅಂಶಗಳು ಕೂಡಿಬರಬೇಕು.

ಮೊದಲನೆಯದು, ಪಾಠಕ್ರಮದ ಮೊದಲ ವಿದ್ಯಾವರ್ಷದ ಮೊದಲ ದಿನ ಆ ದೇಶದಲ್ಲಿ ಕಾಲಮಿತಿಯಿಲ್ಲದೆ ನೆಲಸುವ ಹಕ್ಕು ಇರಬೇಕು. ಬ್ರಿಟಿಷ್ ಪೌರರಿಗೆ ಈ ಹಕ್ಕು ಇದ್ದೇ ಇದೆ. ಪಾಸ್‌ಪೋರ್ಟಿನಿಂದ ಆಗುವ ಉಪಕಾರ ಇಲ್ಲಿಗೆ ಮುಗಿಯಿತು. ಎರಡನೆಯದು, ಆ ದಿನಕ್ಕೆ ಹಿಂದಿನ ಮೂರು ವರ್ಷ ಪೂರ್ತಿಯಾಗಿ ಬ್ರಿಟನ್ನಿನಲ್ಲಿ, ಅಥವಾ ಅದಕ್ಕೆ ಸೇರಿದಂತೆ ಎಣಿಸುವ ಚಾನೆಲ್ ದ್ವೀಪಗಳು ಮತ್ತು ಮ್ಯಾನ್ ದ್ವೀಪದಲ್ಲಿ, ವಾಡಿಕೆಯ ವಾಸವಿರಬೇಕು. ಮೂರನೆಯದು, ಆ ಮೂರು ವರ್ಷಗಳ ಯಾವ ಭಾಗದಲ್ಲಿಯೂ ಅಲ್ಲಿದ್ದುದರ ಮುಖ್ಯ ಉದ್ದೇಶ ಪೂರ್ಣಾವಧಿಯ ವಿದ್ಯಾಭ್ಯಾಸವಾಗಿರಬಾರದು.

ಮೂರನೆಯ ಅಂಶವನ್ನು ಓದಿ ಅನೇಕರು ಗಾಬರಿಯಾಗುತ್ತಾರೆ. “ಹದಿನಾರು ವರ್ಷದ ಮಗು ಶಾಲೆಗೆ ಹೋಗದೆ ಇನ್ನೇನು ಮಾಡೀತು?” ಎನ್ನುತ್ತಾರೆ. ಪ್ರಶ್ನೆ ಹಾಗಲ್ಲ. ಶಾಲೆ ಇಲ್ಲದಿದ್ದರೂ ಈ ಮಗು ಈ ದೇಶದಲ್ಲಿ ಇರುತ್ತಿತ್ತೆ ಎಂದು ಕೇಳಿಕೊಳ್ಳಬೇಕು. ತಂದೆಗೆ ಅಲ್ಲಿ ಉದ್ಯೋಗ, ತಾಯಿ ಅಲ್ಲಿದ್ದಾಳೆ, ಮನೆ ಅಲ್ಲಿದೆ, ಮಗು ತಂದೆತಾಯಿಗಳ ಜೊತೆಗಿದೆ, ಶಾಲೆಗೂ ಹೋಗುತ್ತಿದೆ ಎಂದಾದರೆ ತೊಂದರೆಯಿಲ್ಲ. ತಂದೆತಾಯಿಗಳು ಬೆಂಗಳೂರಿನಲ್ಲಿಯೇ ಇದ್ದು, ಮಗುವನ್ನು ಮಾತ್ರ ಅಲ್ಲಿಯ ವಸತಿ ಶಾಲೆಗೋ ಸೋದರಮಾವನ ಮನೆಗೋ ಕಳುಹಿಸಿ ಓದಿಸಿದರೆ, ಆ ವರ್ಷಗಳು ಓದಿಗಾಗಿಯೇ ಕಳೆದ ವರ್ಷಗಳೆಂದು ಎಣಿಸುವ ಸಂಭವ ಬಹಳ. ಮೂರು ವರ್ಷದ ಲೆಕ್ಕ ತುಂಬಲೆಂದು ಇಂಥ ಉಪಾಯ ಹೂಡುವವರು ವಸತಿ ಶಾಲೆಯ ದುಡ್ಡನ್ನೂ ಕಳೆದುಕೊಂಡಾರು, ಫಲವನ್ನೂ ಕಾಣರು.

ಇನ್ನು ಕೆಲವು ತಪ್ಪು ತಿಳಿವಳಿಕೆಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಸ್ವಂತ ಮನೆಯಿದೆ, ಬಾಡಿಗೆಗೆ ಕೊಟ್ಟಿದ್ದೇವೆ. ಆ ಬಾಡಿಗೆಗೆ ಅಲ್ಲಿ ತೆರಿಗೆ ಕೊಡುತ್ತೇವೆ. ಅಲ್ಲಿಯ ಬ್ಯಾಂಕಿನಲ್ಲಿ ಖಾತೆಯಿದೆ. ಪ್ರತಿ ಬೇಸಿಗೆಯಲ್ಲಿ ಒಂದು ತಿಂಗಳು ಹೋಗಿ ಬರುತ್ತೇವೆ. ಹುಡುಗ ಹುಟ್ಟಿದ್ದೇ ಅಲ್ಲಿಯ ಆಸ್ಪತ್ರೆಯಲ್ಲಿ. ಇವುಗಳಲ್ಲಿ ಯಾವ ಒಂದೂ ತಾನಾಗಿ ವಾಸವನ್ನು ಸಿದ್ಧಪಡಿಸುವುದಿಲ್ಲ. ಸಾಕ್ಷ್ಯದ ರಾಶಿಯಲ್ಲಿ ಇವೂ ಒಂದೊಂದು ಕಡ್ಡಿಯಾಗಬಹುದು, ಅಷ್ಟೆ. ಬಾಳು ನಡೆಯುತ್ತಿದ್ದುದು ಎಲ್ಲಿ ಎಂಬುದನ್ನೇ ಅವರು ಕೇಳುತ್ತಾರೆ. ಇದರ ಮಗ್ಗುಲೂ ನಿಜ: ಅಲ್ಲಿಯೇ ನೆಲಸಿರುವ ಸಂಸಾರ ರಜಾದಿನಗಳಲ್ಲಿ ಮೈಸೂರಿಗೆ ಬಂದು ದಸರಾ ನೋಡಿಕೊಂಡು ಹೋದರೆ ವಾಸಕ್ಕೆ ಭಂಗ ಬರುವುದಿಲ್ಲ.

ಈಗ ಗೋಡೆಯ ಮೇಲಿನ ಕ್ಯಾಲೆಂಡರನ್ನು ಕೈಗೆ ತೆಗೆದುಕೊಳ್ಳಿ. ನಿಯಮದಲ್ಲಿ ಹೇಳಿರುವ ‘ವಿದ್ಯಾವರ್ಷದ ಮೊದಲ ದಿನ’ ಎಂಬುದು ಹುಡುಗಿ ಕಾಲೇಜಿಗೆ ಹೋಗಿ ಬೆಂಚಿನ ಮೇಲೆ ಕೂಡುವ ದಿನವಲ್ಲ. ಪಾಠಗಳು ಆಗಸ್ಟ್ ೧ರಿಂದ ಡಿಸೆಂಬರ್ ೩೧ರೊಳಗೆ ಪ್ರಾರಂಭವಾಗುವುದಾದರೆ ಮೊದಲ ದಿನ ಸೆಪ್ಟೆಂಬರ್ ೧. ಜನವರಿಯಿಂದ ಮಾರ್ಚಿಯೊಳಗಾದರೆ ಜನವರಿ ೧. ಏಪ್ರಿಲಿನಿಂದ ಜೂನ್‌ವರೆಗಾದರೆ ಏಪ್ರಿಲ್ ೧. ಜುಲೈ ತಿಂಗಳಾದರೆ ಜುಲೈ ೧. ಅಲ್ಲಿಯ ಪದವಿ ತರಗತಿಗಳು ಬಹುಮಟ್ಟಿಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಆರಂಭವಾಗುತ್ತವೆಯಾದ್ದರಿಂದ ಸೆಪ್ಟೆಂಬರ್ ೧ ಎಂಬ ತಾರೀಖನ್ನು ಗಂಟುಹಾಕಿಕೊಳ್ಳಿ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹುಡುಗಿ ೨೦೨೮ರ ಶರತ್ಕಾಲದಲ್ಲಿ ಪದವಿ ತರಗತಿಗೆ ಸೇರಬೇಕು. ಹಿಂದಿನ ಮೂರು ವರ್ಷವೆಂದರೆ ೨೦೨೫ರ ಸೆಪ್ಟೆಂಬರ್ ೧ರಿಂದ ೨೦೨೮ರ ಆಗಸ್ಟ್ ೩೧ರವರೆಗೆ. ಸಂಸಾರ ೨೦೨೫ರ ಜುಲೈಯಲ್ಲಿ ಅಲ್ಲಿ ಹೋಗಿ ಮನೆ ಹೂಡಿದ್ದರೆ ಲೆಕ್ಕ ಸರಿಹೋಯಿತು. ಗೌರಿ ಗಣೇಶ ಮುಗಿಸಿಕೊಂಡು ಹೋಗೋಣ, ದಸರಾ ಕಳೆಯಲಿ ಎಂದು ತಡಮಾಡಿ ಅಕ್ಟೋಬರ್ ೨೦ರಂದು ಹೊರಟಿದ್ದರೆ ಏಳು ವಾರ ಕಡಿಮೆಯಾಯಿತು. ಏಳು ವಾರವೇ ಎಂದು ನಗಬೇಡಿ. ‘ಪೂರ್ತಿ ಮೂರು ವರ್ಷ’ ಎಂದಿರುವ ಕಡೆ ಏಳು ವಾರವೂ ಕೊರತೆಯೇ. ಇನ್ನೊಂದು ಮಾತು: ಓದು ನಡೆಯುತ್ತಿರುವಾಗ ನಡುವೆ ಮೂರು ವರ್ಷ ತುಂಬಿತೆಂದರೆ ಪ್ರಯೋಜನವಿಲ್ಲ; ಎಣಿಕೆ ನಡೆಯುವುದು ಮೊದಲ ವರ್ಷದ ಮೊದಲ ದಿನಕ್ಕೆ. ಆ ಹುಡುಗಿ ಒಂದು ವರ್ಷ ತಡೆದು ೨೦೨೯ರಲ್ಲಿ ಸೇರಿದರೆ ನಿಯಮ ಕೂಡಿಬರುತ್ತದೆ. ತಡೆಯದೆ ಸೇರಿದರೆ ಪದವಿಯ ಕೊನೆಯವರೆಗೂ ಹೊರಗಿನವರ ಶುಲ್ಕವೇ ಗತಿಯಾಗಬಹುದು.

ಈ ಗತಿ ಎಷ್ಟು ಭಾರವೆಂಬುದಕ್ಕೆ ಅಂಕಿಗಳನ್ನು ನೋಡಿ. ಇಂಗ್ಲೆಂಡಿನಲ್ಲಿ ಒಳಗಿನವರ ಶುಲ್ಕಕ್ಕೆ ಸರ್ಕಾರ ಮಿತಿ ಹಾಕಿದೆ. ಅದು ೧೯೯೮ರಲ್ಲಿ ೧,೦೦೦ ಪೌಂಡಾಗಿತ್ತು. ೨೦೦೬ರಲ್ಲಿ ೩,೦೦೦, ೨೦೧೨ರಲ್ಲಿ ೯,೦೦೦ ಆಯಿತು. ೨೦೨೫–೨೬ರ ವಿದ್ಯಾವರ್ಷಕ್ಕೆ ೯,೫೩೫ ಪೌಂಡು. ಹೊರಗಿನವರ ಶುಲ್ಕಕ್ಕೆ ಇಂಥ ಮಿತಿಯಿಲ್ಲ. ಆಯಾ ವಿಶ್ವವಿದ್ಯಾನಿಲಯ ಗೊತ್ತುಮಾಡಿದ್ದೇ ದರ. ಅದು ಎರಡರಷ್ಟು, ಮೂರರಷ್ಟು, ವೈದ್ಯಶಾಸ್ತ್ರಕ್ಕಾದರೆ ಇನ್ನೂ ಹೆಚ್ಚಾಗಿರುವುದುಂಟು. ಲೆಕ್ಕಕ್ಕಾಗಿ ವರ್ಷಕ್ಕೆ ೩೦,೦೦೦ ಪೌಂಡು ಎಂದಿಟ್ಟುಕೊಳ್ಳಿ. ಮೂರು ವರ್ಷದ ಪದವಿಗೆ ೯೦,೦೦೦ ಪೌಂಡಾಯಿತು. ಒಳಗಿನವರ ದರದಲ್ಲಿ ೨೮,೬೦೫. ಅಂತರ ಅರವತ್ತು ಸಾವಿರಕ್ಕೂ ಮೇಲೆ. ಏಳು ವಾರದ ತಡಕ್ಕೆ ಇದು ತೆರಬಹುದಾದ ಬೆಲೆ.

ಹಾಗಾದರೆ ಬ್ರಿಟನ್ನಿನಿಂದ ಹೊರಗಿದ್ದ ಕಾಲವೆಲ್ಲ ವ್ಯರ್ಥವೆ? ಹಾಗೇನೂ ಇಲ್ಲ. ತಾತ್ಕಾಲಿಕವಾಗಿ ಹೊರಗೆ ಹೋದವರಿಗೆ ನಿಯಮದಲ್ಲಿ ಒಂದು ಕಿಟಕಿಯನ್ನು ಬಿಟ್ಟಿದ್ದಾರೆ. ವಿದ್ಯಾರ್ಥಿಯಾಗಲಿ, ಅವನ ತಂದೆ ಅಥವಾ ತಾಯಿಯಾಗಲಿ, ಗಂಡನೋ ಹೆಂಡತಿಯೋ ಆಗಲಿ ತಾತ್ಕಾಲಿಕ ಉದ್ಯೋಗದ ಮೇಲೆ ಹೊರದೇಶದಲ್ಲಿದ್ದರೆ, ಆ ಕಾರಣದಿಂದಲೇ ವಿದ್ಯಾರ್ಥಿ ಬ್ರಿಟನ್ನಿನಲ್ಲಿ ಇರಲಾಗದೆ ಹೋಗಿದ್ದರೆ, ಅವನು ಅಲ್ಲಿಯೇ ವಾಸವಾಗಿದ್ದಂತೆ ಎಣಿಸಬೇಕು. ಸೈನ್ಯದಲ್ಲಿ ಸೇವೆಗಾಗಿ ಹೊರದೇಶದಲ್ಲಿರುವವರಿಗೂ ಇದು ಅನ್ವಯಿಸುತ್ತದೆ.

‘ತಾತ್ಕಾಲಿಕ’ ಎಂದರೆ ಇಷ್ಟೇ ವರ್ಷವೆಂದು ನಿಯಮದಲ್ಲಿ ಹೇಳಿಲ್ಲ. ಆದಕಾರಣ ಒಂದೊಂದು ಸಂಸಾರದ ವೃತ್ತಾಂತವನ್ನೂ ಬಿಡಿಯಾಗಿ ತೂಗಿ ನೋಡುತ್ತಾರೆ. ಲಂಡನ್ನಿನ ಒಂದು ಕಂಪನಿ ತನ್ನ ನೌಕರನನ್ನು ಮೂರು ವರ್ಷಕ್ಕೆಂದು ಪತ್ರ ಬರೆದು ಬೆಂಗಳೂರಿನ ಕಚೇರಿಗೆ ಕಳುಹಿಸಿತೆನ್ನಿ. ಪತ್ರದಲ್ಲಿ ಹಿಂದಿರುಗುವ ತಾರೀಖು ಇದೆ, ಅಲ್ಲಿಯ ಮನೆಯನ್ನು ಮಾರಿಲ್ಲ, ಸಾಮಾನು ಸರಂಜಾಮು ಅಲ್ಲಿಯೇ ಇದೆ, ವರ್ಷವರ್ಷವೂ ಹೋಗಿ ಬರುತ್ತಿದ್ದಾರೆ. ಇಂಥವನ ಮಗಳು ತಾತ್ಕಾಲಿಕವಾಗಿ ಹೊರಗಿದ್ದಳೆಂದು ವಾದಿಸಲು ಆಧಾರವಿದೆ. ಇನ್ನೊಬ್ಬ ಅಲ್ಲಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಮನೆ ಮಾರಿ, ಇಲ್ಲಿ ಅವಧಿಯ ಮಾತೇ ಇಲ್ಲದ ಕೆಲಸಕ್ಕೆ ಸೇರಿ, ನಿವೇಶನ ಕೊಂಡು ಗೃಹಪ್ರವೇಶವನ್ನೂ ಮಾಡಿದನೆನ್ನಿ. ಮುಂದೆ ಎಂದಾದರೊಂದು ದಿನ ಹೋಗಬೇಕೆಂಬ ಆಸೆ ಮನಸ್ಸಿನಲ್ಲಿ ಎಷ್ಟೇ ಇದ್ದರೂ ಅವನ ಸಂಸಾರದ ವಾಸ ಇಲ್ಲಿಗೆ ಬಂದಾಯಿತು. ಇವರಿಬ್ಬರ ನಡುವೆ ಇರುವವರೇ ಹೆಚ್ಚು ಮಂದಿ. ಮೂರು ವರ್ಷಕ್ಕೆಂದು ಬಂದವನು ಒಪ್ಪಂದವನ್ನು ಮತ್ತೆ ಮತ್ತೆ ಮುಂದುವರಿಸಿಕೊಂಡು ಒಂಬತ್ತು ವರ್ಷ ಇದ್ದುಬಿಟ್ಟರೆ, ‘ತಾತ್ಕಾಲಿಕ’ ಎಂಬ ಮಾತು ವರ್ಷದಿಂದ ವರ್ಷಕ್ಕೆ ಸವೆಯುತ್ತ ಹೋಗುತ್ತದೆ.

ಇಲ್ಲಿ ಮನಸ್ಸಿಗೆ ನೋವು ತರುವ ಸಂಗತಿಯೊಂದಿದೆ. ಎಷ್ಟೋ ಮಂದಿ ಹಿಂದಿರುಗುವುದು ಹಣಕ್ಕಾಗಿ ಅಲ್ಲ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು, ಒಂಟಿಯಾದ ತಂದೆಗೆ ಜೊತೆಯಾಗಲು. ಆದರೆ ಈ ಕಿಟಕಿಯ ಮೇಲೆ ಹೆಸರಿಟ್ಟು ಬರೆದಿರುವುದು ತಾತ್ಕಾಲಿಕ ಉದ್ಯೋಗವನ್ನು. ಹೆತ್ತವರ ಸೇವೆಗಾಗಿ ಕಳೆದ ಐದು ವರ್ಷಕ್ಕೆ ಅಷ್ಟು ಸುಲಭವಾದ ರಕ್ಷಣೆ ಅಲ್ಲಿಲ್ಲ. ಕರ್ತವ್ಯವನ್ನು ಬಿಡಿ ಎಂದು ಯಾರೂ ಹೇಳಲಾರರು. ಆದರೆ ಅಜ್ಜ ಅಜ್ಜಿಯರ ಸೇವೆಗೆಂದು ಬಂದ ವರ್ಷಗಳ ಲೆಕ್ಕ ಮುಂದೆ ಮೊಮ್ಮಗಳ ಶುಲ್ಕದ ಚೀಟಿಯಲ್ಲಿ ಕಾಣಿಸಿಕೊಳ್ಳಬಹುದು ಎಂಬುದನ್ನು ತಿಳಿದೇ ಆ ಕರ್ತವ್ಯವನ್ನು ಮಾಡುವುದು ಒಳ್ಳೆಯದು. ತಿಳಿದಿದ್ದರೆ ಹಣವನ್ನು ಕೂಡಿಡಬಹುದು, ಹಿಂದಿರುಗುವ ಕಾಲವನ್ನು ಗೊತ್ತುಮಾಡಿಕೊಳ್ಳಬಹುದು. ಮುದುಕರ ಮನಸ್ಸಿಗೂ ಆಮೇಲೆ “ನಮ್ಮಿಂದ ಹೀಗಾಯಿತಲ್ಲ” ಎಂಬ ಕೊರಗು ಇರುವುದಿಲ್ಲ.

ಇದುವರೆಗೆ ಶುಲ್ಕದ ಮಾತಾಯಿತು. ಸಾಲದ ಮಾತು ಬೇರೆ, ಅದನ್ನು ನಿರ್ಣಯಿಸುವ ಕಚೇರಿಯೂ ಬೇರೆ. ವಿದ್ಯಾರ್ಥಿ ಯಾವ ಶುಲ್ಕದ ವರ್ಗಕ್ಕೆ ಸೇರಿದವನೆಂದು ತೀರ್ಮಾನಿಸುವುದು ವಿಶ್ವವಿದ್ಯಾನಿಲಯ. ಸಂದೇಹ ಬಂದರೆ ಅದು ಒಂದು ಪ್ರಶ್ನಾವಳಿಯನ್ನು ಕಳುಹಿಸಿ ಉತ್ತರವನ್ನೂ ದಾಖಲೆಗಳನ್ನೂ ಕೇಳುತ್ತದೆ. ಸಾಲ ಸಲ್ಲುತ್ತದೆಯೇ ಎಂಬುದನ್ನು ನೋಡುವುದು, ಇಂಗ್ಲೆಂಡಿನವರಿಗಾದರೆ, ಸ್ಟೂಡೆಂಟ್ ಫೈನಾನ್ಸ್ ಇಂಗ್ಲೆಂಡ್ ಎಂಬ ಸಂಸ್ಥೆ. ಮೂರು ವರ್ಷದ ನಿಯಮ ಎರಡು ಕಡೆಯೂ ಬಹುಮಟ್ಟಿಗೆ ಒಂದೇ. ಸಾಲಕ್ಕೆ ಇನ್ನೊಂದು ಅಂಶ ಹೆಚ್ಚು: ಮೊದಲ ದಿನ ವಿದ್ಯಾರ್ಥಿ ಇಂಗ್ಲೆಂಡಿನಲ್ಲಿಯೇ ವಾಡಿಕೆಯಾಗಿ ವಾಸವಾಗಿರಬೇಕು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡುಗಳಿಗೆ ಅವುಗಳದೇ ಏರ್ಪಾಡುಗಳಿವೆ. ಸ್ಕಾಟ್ಲೆಂಡಿನ ನಿವಾಸಿ ಅಲ್ಲಿಯೇ ಮೊದಲ ಪದವಿ ಓದಿದರೆ ಶುಲ್ಕವನ್ನು ಸರ್ಕಾರದ ಸಂಸ್ಥೆಯೇ ತೆರುತ್ತದೆ. ಅದನ್ನು ಕೇಳಿ ಓದಿಗಾಗಿಯೇ ಅಲ್ಲಿಗೆ ಮನೆ ಬದಲಾಯಿಸಿದರೆ ಫಲವಿಲ್ಲ. ಹಿಂದೆ ಹೇಳಿದ ಬೇಲಿ ಅಲ್ಲಿಯೂ ಇದೆ.

ಸಾಲದಲ್ಲಿ ಎರಡು ಬಗೆ. ಶುಲ್ಕದ ಸಾಲ ನೇರವಾಗಿ ವಿಶ್ವವಿದ್ಯಾನಿಲಯಕ್ಕೆ ಹೋಗುತ್ತದೆ. ವಿದ್ಯಾರ್ಥಿಯ ಕೈಗೆ ಬರುವುದಿಲ್ಲ. ಊಟ ವಸತಿಗಳಿಗಾಗಿ ಕೊಡುವ ಜೀವನಸಾಲ ಕಂತುಕಂತಾಗಿ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ಅದರ ಮೊತ್ತ ಮನೆಯ ವರಮಾನವನ್ನೂ ವಿದ್ಯಾರ್ಥಿ ಎಲ್ಲಿರುತ್ತಾನೆಂಬುದನ್ನೂ ಅವಲಂಬಿಸಿದೆ. ೨೦೨೫–೨೬ಕ್ಕೆ ಗರಿಷ್ಠ ಮೊತ್ತ, ತಂದೆತಾಯಿಗಳಿಂದ ದೂರವಿದ್ದು ಲಂಡನ್ನಿನಲ್ಲಿ ಓದುವವರಿಗೆ ೧೩,೭೬೨ ಪೌಂಡು. ಲಂಡನ್ನಿನ ಹೊರಗೆ ೧೦,೫೪೪ ಪೌಂಡು. ಮೂರು ವರ್ಷದ ನಿಯಮದಲ್ಲಿ ತಪ್ಪಿದವರಿಗೆ ಹೆಚ್ಚಿನ ಶುಲ್ಕ ಒಂದು ಪೆಟ್ಟಾದರೆ, ಈ ಸಾಲಗಳೂ ಇಲ್ಲದೆ ಎಲ್ಲವನ್ನೂ ಕೈಯಿಂದಲೇ ಹಾಕಬೇಕಾಗುವುದು ಎರಡನೆಯ ಪೆಟ್ಟು.

ಮರುಪಾವತಿಯ ಕ್ರಮ ನಮ್ಮ ಬ್ಯಾಂಕುಗಳ ಸಾಲದಂತಲ್ಲ. ೨೦೨೩ರ ಆಗಸ್ಟ್ ೧ರ ನಂತರ ಇಂಗ್ಲೆಂಡಿನಲ್ಲಿ ಪದವಿ ಓದಲು ಆರಂಭಿಸಿದವರು, ಓದು ಮುಗಿದ ಮೇಲಿನ ಏಪ್ರಿಲಿನಿಂದ, ತಮ್ಮ ವರಮಾನ ವರ್ಷಕ್ಕೆ ೨೫,೦೦೦ ಪೌಂಡನ್ನು ಮೀರಿದರೆ, ಮೀರಿದ ಮೊತ್ತದ ಮೇಲೆ ನೂರಕ್ಕೆ ೯ರಂತೆ ಕಟ್ಟಬೇಕು. ೩೦,೦೦೦ ಪೌಂಡು ಸಂಬಳವಾದರೆ ೫,೦೦೦ದ ಮೇಲೆ ನೂರಕ್ಕೆ ಒಂಬತ್ತು, ಅಂದರೆ ವರ್ಷಕ್ಕೆ ೪೫೦ ಪೌಂಡು. ನಲವತ್ತು ವರ್ಷ ಕಳೆದ ಮೇಲೆ ಉಳಿದ ಬಾಕಿ ರದ್ದಾಗುತ್ತದೆ. ಓದಿ ಮುಗಿಸಿ ಬೆಂಗಳೂರಿಗೆ ಬಂದುಬಿಟ್ಟರೆ ಸಾಲ ತೀರಿತೆಂದು ತಿಳಿಯಬಾರದು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಹೊರದೇಶದಲ್ಲಿರುವುದಾದರೆ ಸಾಲದ ಕಂಪನಿಗೆ ತಿಳಿಸಬೇಕು. ಆಯಾ ದೇಶದ ಜೀವನವೆಚ್ಚಕ್ಕೆ ಹೊಂದಿಸಿ ವರಮಾನದ ಮಿತಿಯನ್ನು ಅವರೇ ಗೊತ್ತುಮಾಡುತ್ತಾರೆ. ಸಾಮಾನ್ಯವಾಗಿ ಈ ಸಾಲ ಸಲ್ಲುವುದು ಮೊದಲನೆಯ ಉನ್ನತ ವಿದ್ಯಾಭ್ಯಾಸಕ್ಕೆ ಮಾತ್ರ ಎಂಬುದನ್ನೂ ನೆನಪಿಡಿ.

ಮನೆಯವರೆಲ್ಲರ ಕಾಗದಪತ್ರ ಒಂದೇ ರೀತಿ ಇರುತ್ತದೆಂದು ಭಾವಿಸುವುದೂ ಅಪಾಯ. ಭಾರತ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲವಾದ್ದರಿಂದ ಎಷ್ಟೋ ಮಂದಿ ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡು, ಬ್ರಿಟನ್ನಿನಲ್ಲಿ ಕಾಲಮಿತಿಯಿಲ್ಲದೆ ನೆಲಸುವ ಅನುಮತಿಯನ್ನು ಮಾತ್ರ ಪಡೆದಿರುತ್ತಾರೆ. ಆ ಅನುಮತಿ ಸಾಮಾನ್ಯವಾಗಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಎಡೆಬಿಡದೆ ಹೊರಗಿದ್ದರೆ ಬಿದ್ದುಹೋಗುತ್ತದೆ. ಮಕ್ಕಳ ವಿಷಯದಲ್ಲಿಯೂ ಎಚ್ಚರ ಬೇಕು: ೧೯೮೩ರ ಜನವರಿ ೧ರಿಂದೀಚೆಗೆ ಅಲ್ಲಿ ಹುಟ್ಟಿದ ಮಾತ್ರಕ್ಕೆ ಬ್ರಿಟಿಷ್ ಪೌರತ್ವ ಬರುವುದಿಲ್ಲ, ಹುಟ್ಟಿದಾಗ ತಂದೆತಾಯಿಗಳಲ್ಲಿ ಒಬ್ಬರಾದರೂ ಅಲ್ಲಿಯ ಪೌರರೋ ನೆಲಸುವ ಹಕ್ಕುಳ್ಳವರೋ ಆಗಿರಬೇಕು. ಯೂರೋಪ್ ಒಕ್ಕೂಟದ ದೇಶಗಳಿಂದ ಹಿಂದಿರುಗುವ ಬ್ರಿಟಿಷ್ ಪ್ರಜೆಗಳಿಗೆ, ೨೦೨೮ರ ಜನವರಿ ೧ಕ್ಕೆ ಮೊದಲು ಆರಂಭವಾಗುವ ಪಾಠಕ್ರಮಗಳ ಮಟ್ಟಿಗೆ, ಕೆಲವು ಷರತ್ತುಗಳ ಮೇಲೆ ಒಂದು ರಿಯಾಯಿತಿಯನ್ನು ಇಟ್ಟಿದ್ದಾರೆ. ಗೆಳೆಯರೊಬ್ಬರು ಜರ್ಮನಿಯಿಂದ ಹೋಗಿ ಅದನ್ನು ಪಡೆದರೆಂದು ಕೇಳಿ ನಮಗೂ ಸಿಕ್ಕೀತೆಂದು ನಂಬಿ ಕೂಡಬೇಡಿ. ಭಾರತದಲ್ಲಿದ್ದವರಿಗೆ ಅದು ಸಂಬಂಧಿಸಿದ್ದಲ್ಲ.

ಇಷ್ಟೆಲ್ಲಾ ಕೇಳಿದ ಮೇಲೆ, ಮಾಡಬೇಕಾದದ್ದೇನು ಎಂದು ನೀವು ಕೇಳುತ್ತೀರಿ. ಅಲ್ಲಿಯ ಮಕ್ಕಳು ಸುಮಾರು ಹದಿನೆಂಟಕ್ಕೆ ಪದವಿ ತರಗತಿಗೆ ಹೋಗುತ್ತಾರೆ. ಹದಿನೆಂಟರಲ್ಲಿ ಮೂರು ಕಳೆದರೆ ಹದಿನೈದು. ಅಂದರೆ ಈ ಮಾತನ್ನು ಮನೆಯಲ್ಲಿ ಕುಳಿತು ಯೋಚಿಸಬೇಕಾದದ್ದು ಮಗು ಒಂಬತ್ತನೆಯ ತರಗತಿಯಲ್ಲಿರುವಾಗ, ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಅಲ್ಲ. ಉದ್ಯೋಗದ ಮೇಲೆ ತಾತ್ಕಾಲಿಕವಾಗಿ ಬಂದವರು ನೇಮಕದ ಪತ್ರ, ಅವಧಿಯ ಒಪ್ಪಂದ, ಅದನ್ನು ಮುಂದುವರಿಸಿದ ಪತ್ರಗಳು, ಅಲ್ಲಿಯ ಮನೆಯ ದಾಖಲೆ, ಹೋಗಿಬಂದ ಪ್ರಯಾಣದ ಗುರುತುಗಳು, ಇವನ್ನೆಲ್ಲ ಒಂದು ಕಡತದಲ್ಲಿ ಜೋಪಾನವಾಗಿಡಲಿ. ಅರ್ಜಿ ಹಾಕುವ ಮುನ್ನ ವಿಶ್ವವಿದ್ಯಾನಿಲಯಕ್ಕೆ ಬರೆದು ಕೇಳಲಿ. ಉತ್ತರ ತಪ್ಪೆಂದು ತೋರಿದರೆ ಇನ್ನಷ್ಟು ಸಾಕ್ಷ್ಯವನ್ನು ಕೊಟ್ಟು ಪುನರ್ವಿಚಾರಕ್ಕೆ ಕೋರಲಿ. ನಿಜವನ್ನೇ ಬರೆಯಲಿ, ನೆಂಟರ ವಿಳಾಸವನ್ನು ತಮ್ಮದೆಂದು ಹಾಕಿ ಸಿಕ್ಕಿಬಿದ್ದರೆ ಸೀಟಿಗೇ ಸಂಚಕಾರ.

ಕಾಲ ಮೀರಿದ್ದರೂ ಬಾಗಿಲು ಶಾಶ್ವತವಾಗಿ ಮುಚ್ಚಿತೆಂದಲ್ಲ. ಬ್ರಿಟಿಷ್ ಪೌರನಾದ ಯುವಕ ತಾನೇ ಹೋಗಿ ಅಲ್ಲಿ ಉದ್ಯೋಗ ಮಾಡಿಕೊಂಡು ಮೂರು ವರ್ಷ ಬಾಳಿದರೆ ಆ ವಾಸ ಅವನ ಸ್ವಂತದ್ದು. ಓದಿಗಾಗಿ ಬಂದದ್ದೆಂದು ಅದನ್ನು ತಳ್ಳಲಾಗದು. ಶುಲ್ಕದ ಸಾಲಕ್ಕೆ ವಯಸ್ಸಿನ ಮಿತಿಯೂ ಇಲ್ಲ. ಇಲ್ಲವೇ ಮೊದಲ ಪದವಿಯನ್ನು ಇಲ್ಲಿಯೇ ಮುಗಿಸುವುದೂ ಒಂದು ದಾರಿ. ಅದನ್ನು ಸೋಲೆಂದು ಏಕೆ ತಿಳಿಯಬೇಕು? ಆದರೆ ಯಾವ ದಾರಿಯನ್ನಾದರೂ ತಾವೇ ಆರಿಸಿಕೊಂಡು ಹಿಡಿಯುವುದಕ್ಕೂ, ದಾರಿ ತಪ್ಪಿದ ಮೇಲೆ ಅದೇ ದಾರಿಯೆಂದು ಒಪ್ಪಿಕೊಳ್ಳುವುದಕ್ಕೂ ವ್ಯತ್ಯಾಸವುಂಟು.

ನೀರು ಬರುವುದಕ್ಕೆ ಮೊದಲೇ ಕಟ್ಟೆ ಕಟ್ಟಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ವಿಲಾಯತಿಯಿಂದ ಬಂದ ನಿಮ್ಮ ಮಗನ ಮನೆಯಲ್ಲಿ ಹದಿಮೂರೋ ಹದಿನಾಲ್ಕೋ ವರ್ಷದ ಮೊಮ್ಮಗಳಿದ್ದರೆ, ಈ ಭಾನುವಾರ ಊಟವಾದ ಮೇಲೆ ಅವನನ್ನು ಹತ್ತಿರ ಕೂಡಿಸಿಕೊಂಡು ಒಂದು ಮಾತು ಕೇಳಿ: “ಮಗು ಎಲ್ಲಿ ಓದಬೇಕೆಂದು ಯೋಚಿಸಿದ್ದೀಯಪ್ಪಾ?” ಉತ್ತರ ಯಾವುದಾದರೂ ಆಗಲಿ. ಪ್ರಶ್ನೆಯನ್ನು ಮಾತ್ರ ಮೂರು ವರ್ಷ ಮೊದಲೇ ಕೇಳಿರಬೇಕು.